ಆಯ್ಕೆಯ ಹೈಸ್ಕೂಲು ಸೇರಿದರೆ ಕಾಲೇಜು ಪ್ರವೇಶ ಸುಲಭವಾಗುವುದೇ?

ಪ್ರಶ್ನೆ: ನಾವು ಅಮೆರಿಕದ ಉತ್ತರ ವರ್ಜೀನಿಯಾದ ಲೌಡನ್ ಕೌಂಟಿಯಲ್ಲಿ ವಾಸವಾಗಿದ್ದೇವೆ. ಎಂಟನೆಯ ತರಗತಿಯಲ್ಲಿರುವ ನಮ್ಮ ಮಗಳಿಗೆ, ಅರ್ಜಿ ಹಾಕಿದವರಲ್ಲಿ ಕೆಲವರನ್ನೇ ಆರಿಸಿ ತೆಗೆದುಕೊಳ್ಳುವ ಥಾಮಸ್ ಜೆಫರ್ಸನ್ ವಿಜ್ಞಾನ ಮತ್ತು ತಂತ್ರಜ್ಞಾನ ಹೈಸ್ಕೂಲಿನಲ್ಲಿ (ಟಿಜೆ) ಸೀಟು ಸಿಕ್ಕಿದೆ. ನಮ್ಮ ಬಡಾವಣೆಯ ಹೈಸ್ಕೂಲು ಕೂಡ ಒಳ್ಳೆಯದೇ. ಇಲ್ಲಿಯೇ ಉಳಿದರೆ ಅವಳು ಮೊದಲ ಸಾಲಿನಲ್ಲಿರುತ್ತಾಳೆ, ಟಿಜೆಗೆ ಹೋದರೆ ಗುಂಪಿನಲ್ಲಿ ಕಳೆದುಹೋಗುತ್ತಾಳೆ ಎಂದು ಕೆಲವು ಸ್ನೇಹಿತರು ಹೇಳುತ್ತಾರೆ. ಟಿಜೆ ಎಂಬ ಹೆಸರಿದ್ದರೆ ಕಾಲೇಜಿನ ಅರ್ಧ ಕೆಲಸ ಮುಗಿದಂತೆ ಎಂದು ಇನ್ನು ಕೆಲವರು ಹೇಳುತ್ತಾರೆ. ಮಗಳಿಗೆ ಗಣಿತ ಇಷ್ಟ, ಪಿಟೀಲನ್ನೂ ಕಲಿಯುತ್ತಿದ್ದಾಳೆ. ಬಸ್ಸಿನ ಪ್ರಯಾಣವೇ ದಿನಕ್ಕೆ ಎರಡು ಗಂಟೆ ಮೀರಬಹುದು. ಮುಂದೆ ಒಳ್ಳೆಯ ಕಾಲೇಜು ಸಿಗಬೇಕೆಂದರೆ ಯಾವುದನ್ನು ಆರಿಸಬೇಕು?

ಉತ್ತರ: ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಾಲೇಜು ಪ್ರವೇಶ ಸುಲಭವಾಗಲಿ ಎಂಬ ಒಂದೇ ಕಾರಣಕ್ಕೆ ಮಗಳನ್ನು ಟಿಜೆಗೆ ಸೇರಿಸುವ ಯೋಚನೆಯಿದ್ದರೆ ಸೇರಿಸಬೇಡಿ. ಅಲ್ಲಿನ ಗಣಿತಕ್ಕಾಗಿ, ಪ್ರಯೋಗಾಲಯಗಳಿಗಾಗಿ, ತನ್ನಂತೆಯೇ ಯೋಚಿಸುವ ಗೆಳತಿಯರಿಗಾಗಿ ಅವಳೇ ಹಂಬಲಿಸುತ್ತಿದ್ದರೆ, ಮತ್ತು ತರಗತಿಯ ನಡುಮಧ್ಯದಲ್ಲಿ ನಿಂತರೂ ನಾಲ್ಕು ವರ್ಷ ಸಂತೋಷವಾಗಿ ಕಲಿಯಬಲ್ಲಳು ಎಂದು ನಿಮಗೆ ಅನ್ನಿಸಿದರೆ, ಬಸ್ಸಿನ ಪ್ರಯಾಣದ ಪ್ರಶ್ನೆಯನ್ನು ಬಗೆಹರಿಸಿಕೊಂಡು ಧಾರಾಳವಾಗಿ ಸೇರಿಸಿ. ಹೀಗೆ ಹೇಳಲು ಕಾರಣಗಳಿವೆ. ಅವು ನ್ಯೂಯಾರ್ಕಿನ ಸ್ಟೈವಸೆಂಟ್, ನ್ಯೂಜೆರ್ಸಿಯ ಬರ್ಗೆನ್ ಕೌಂಟಿ ಅಕಾಡೆಮೀಸ್, ಇಲಿನಾಯ್‌ನ ವಸತಿ ಶಾಲೆಯಾದ ಗಣಿತ–ವಿಜ್ಞಾನ ಅಕಾಡೆಮಿ ಮುಂತಾದ ಶಾಲೆಗಳ ಬಗ್ಗೆ ಇದೇ ಗೊಂದಲದಲ್ಲಿರುವ ತಂದೆತಾಯಿಗಳಿಗೂ ಬಹುಮಟ್ಟಿಗೆ ಅನ್ವಯಿಸುವುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಪಿಯುಸಿ ಅಂಕ ಮತ್ತು ಸಿಇಟಿ ರ್‍ಯಾಂಕಿನ ವ್ಯವಸ್ಥೆಯಲ್ಲಿ ಬೆಳೆದ ನಮಗೆ ಅಮೆರಿಕದ ಕಾಲೇಜು ಪ್ರವೇಶದ ಒಂದು ಸಂಗತಿ ಸುಲಭವಾಗಿ ಮನಸ್ಸಿಗೆ ಇಳಿಯುವುದಿಲ್ಲ. ಇಲ್ಲಿನ ಹೆಚ್ಚು ಬೇಡಿಕೆಯ ಕಾಲೇಜುಗಳು ಒಬ್ಬ ವಿದ್ಯಾರ್ಥಿಯ ಅಂಕಪಟ್ಟಿಯನ್ನು ಇಡೀ ದೇಶದ ಪಟ್ಟಿಯೊಂದರಲ್ಲಿ ಇಟ್ಟು ನೋಡುವುದಿಲ್ಲ. ಮೊದಲು ಆಕೆಯ ಶಾಲೆಯೊಳಗೇ ಇಟ್ಟು ಓದುತ್ತವೆ. ಅಂಥ ಕಾಲೇಜುಗಳ ಪ್ರವೇಶ ಕಚೇರಿಯಲ್ಲಿ ಒಂದೊಂದು ಪ್ರದೇಶಕ್ಕೆ ಒಬ್ಬೊಬ್ಬ ಅಧಿಕಾರಿ ಇರುವುದು ರೂಢಿ. ಉತ್ತರ ವರ್ಜೀನಿಯಾದ ಅರ್ಜಿಗಳನ್ನು ಓದುವವರು ಟಿಜೆಯನ್ನೂ ನಿಮ್ಮ ಬಡಾವಣೆಯ ಶಾಲೆಯನ್ನೂ ವರ್ಷಗಳಿಂದ ಬಲ್ಲವರಾಗಿರುತ್ತಾರೆ. ಪ್ರತಿ ಅರ್ಜಿಯ ಜೊತೆಗೆ ಶಾಲೆಯು ‘ಸ್ಕೂಲ್ ಪ್ರೊಫೈಲ್’ ಎಂಬ ಒಂದೆರಡು ಪುಟಗಳ ಪತ್ರವನ್ನು ಕಳುಹಿಸುತ್ತದೆ. ಎಷ್ಟು ಎಪಿ ಕೋರ್ಸುಗಳಿವೆ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಪಾಠಗಳು), ಜಿಪಿಎಯನ್ನು, ಅಂದರೆ ಎಲ್ಲ ವಿಷಯಗಳ ಅಂಕಗಳ ಸರಾಸರಿಯನ್ನು, ಹೇಗೆ ಲೆಕ್ಕ ಹಾಕುತ್ತಾರೆ, ತರಗತಿಯಲ್ಲಿ ಅಂಕಗಳು ಹೇಗೆ ಹರಡಿಕೊಂಡಿವೆ, ಹಿಂದಿನ ವರ್ಷದವರು ಯಾವ ಕಾಲೇಜುಗಳಿಗೆ ಹೋದರು ಎಂಬ ಬಗೆಯ ವಿವರಗಳು ಅದರಲ್ಲಿರುತ್ತವೆ. ಆದ್ದರಿಂದ ಶಾಲೆಯು ರ್‍ಯಾಂಕ್ ಕೊಡದಿದ್ದರೂ ಮಗು ಸುಮಾರಾಗಿ ಎಲ್ಲಿ ನಿಂತಿದೆ ಎಂಬುದು ಓದುವವರಿಗೆ ತಿಳಿಯುತ್ತದೆ.

ಇದಕ್ಕಿಂತಲೂ ಮುಖ್ಯವಾದದ್ದು ಶಾಲೆಯ ಕೌನ್ಸಿಲರ್ (ಪಾಠಗಳ ಆಯ್ಕೆ, ಕಾಲೇಜು ಅರ್ಜಿಗಳ ಬಗ್ಗೆ ಮಕ್ಕಳಿಗೆ ಮಾರ್ಗದರ್ಶನ ನೀಡುವವರು) ತುಂಬುವ ನಮೂನೆ. ಬಹುತೇಕ ಖಾಸಗಿ ವಿಶ್ವವಿದ್ಯಾಲಯಗಳು ಬಳಸುವ ಕಾಮನ್ ಆ್ಯಪ್ ಅರ್ಜಿಯಲ್ಲಿ, ಈ ವಿದ್ಯಾರ್ಥಿನಿ ಆರಿಸಿಕೊಂಡ ಪಾಠಕ್ರಮವು ಅದೇ ಶಾಲೆಯ ಇತರ ಕಾಲೇಜು ಆಕಾಂಕ್ಷಿಗಳ ಪಾಠಕ್ರಮಕ್ಕೆ ಹೋಲಿಸಿದರೆ ಎಷ್ಟು ಕಠಿಣ ಎಂದು ಕೌನ್ಸಿಲರನ್ನು ಕೇಳಲಾಗುತ್ತದೆ. ಹೋಲಿಕೆ ‘ಅದೇ ಶಾಲೆಯ’ ಮಕ್ಕಳೊಂದಿಗೆ ಎಂಬುದನ್ನು ದಯವಿಟ್ಟು ಗಮನಿಸಿ. ಹತ್ತೇ ಎಪಿ ಕೋರ್ಸುಗಳಿರುವ ಶಾಲೆಯಲ್ಲಿ ಎಂಟನ್ನು ತೆಗೆದುಕೊಂಡ ಹುಡುಗಿಗೆ ‘ಅತ್ಯಂತ ಕಠಿಣ’ ಎಂಬ ಗುರುತು ಬೀಳುವುದು ಹೆಚ್ಚುಕಡಿಮೆ ಖಚಿತ. ಎಪಿ ಮುಗಿಸಿ ಬಹುಚರ ಕಲನಶಾಸ್ತ್ರ, ರೇಖೀಯ ಬೀಜಗಣಿತಗಳವರೆಗೆ ಹೋಗುವ ಸಹಪಾಠಿಗಳಿರುವ ಶಾಲೆಯಲ್ಲಿ ಅದೇ ಎಂಟು ಕೋರ್ಸುಗಳಿಗೆ ಒಂದು ಮೆಟ್ಟಿಲು ಕೆಳಗಿನ ಗುರುತು ಬೀಳಬಹುದು. ಮಗು ಕಲಿತದ್ದು ಕಡಿಮೆಯಾಗಿರುವುದಿಲ್ಲ, ಅಳೆಯುವ ಕೋಲು ಮಾತ್ರ ಬದಲಾಗಿರುತ್ತದೆ.

ಹಾಗಾದರೆ ಶಾಲೆಯ ಹೆಸರಿಗೆ ಬೆಲೆಯೇ ಇಲ್ಲವೇ? ಇದೆ, ಆದರೆ ಸ್ನೇಹಿತರು ಹೇಳುವ ರೀತಿಯಲ್ಲಿ ಅಲ್ಲ. ಟಿಜೆಯ ಬಿ ಪ್ಲಸ್ ಅಂಕ ಸುಲಭದ ಅಂಕವಲ್ಲ ಎಂದು ಅಧಿಕಾರಿಗೆ ಗೊತ್ತಿರುತ್ತದೆ. ಆ ಪಾಠಗಳನ್ನು ಮುಗಿಸಿದ ಹುಡುಗಿ ಕಾಲೇಜಿನ ಮೊದಲ ವರ್ಷದಲ್ಲಿ ತಡವರಿಸುವುದಿಲ್ಲ ಎಂಬ ನಂಬಿಕೆಯೂ ಇರುತ್ತದೆ. ಹೆಸರು ಕೊಡುವುದು ಈ ನಂಬಿಕೆಯನ್ನು ಮಾತ್ರ. ಅದೇ ಮೇಜಿನ ಮೇಲೆ ಅದೇ ಶಾಲೆಯ ಹಲವಾರು ಅರ್ಜಿಗಳು ಇರುವಾಗ ನಂಬಿಕೆ ಎಲ್ಲರಿಗೂ ಸಮಾನವಾಗಿ ಸಿಗುತ್ತದೆ, ಆಯ್ಕೆಗೆ ಬೇರೆಯದೇನೋ ಬೇಕಾಗುತ್ತದೆ. ಒಂದು ಶಾಲೆಯಿಂದ ಇಷ್ಟೇ ಜನ ಎಂಬ ಮಿತಿ ತಮ್ಮಲ್ಲಿಲ್ಲ ಎಂದು ಕಾಲೇಜುಗಳು ಹೇಳುತ್ತವೆ, ಅದನ್ನು ನಾನು ಒಪ್ಪುತ್ತೇನೆ. ಆದರೂ ಸಾವಿರದೈನೂರು ಸೀಟುಗಳಿಗೆ ದೇಶದ ಸಾವಿರಾರು ಹೈಸ್ಕೂಲುಗಳಿಂದ ಅರ್ಜಿಗಳು ಬರುವಲ್ಲಿ, ಒಂದೇ ಶಾಲೆಯ, ಒಂದೇ ಬಗೆಯ ಆಸಕ್ತಿಯ, ಒಂದೇ ಬಗೆಯ ಸಾಧನೆಯ ಐವತ್ತು ಮಕ್ಕಳನ್ನು ತೆಗೆದುಕೊಳ್ಳುವುದು ಯಾವ ಕಾಲೇಜಿಗೂ ಸಾಧ್ಯವಾಗದ ಮಾತು. ಕಂಪ್ಯೂಟರ್ ಸೈನ್ಸ್ ಓದಬೇಕೆಂದಿರುವ, ಗಣಿತ ಸ್ಪರ್ಧೆಗಳಲ್ಲಿ ಹೆಸರು ಮಾಡಿರುವ ಮಕ್ಕಳು ತುಂಬಿರುವ ಶಾಲೆಯಲ್ಲಿ ಈ ಒತ್ತಡ ಎಲ್ಲಕ್ಕಿಂತ ಹೆಚ್ಚು. ನಮ್ಮ ಮನೆಗಳ ಮಕ್ಕಳು ಬಹಳಷ್ಟು ಬಾರಿ ಇದೇ ಗುಂಪಿನಲ್ಲಿರುತ್ತಾರೆ ಎಂಬುದನ್ನು ತಂದೆತಾಯಿಗಳು ಮುಚ್ಚುಮರೆಯಿಲ್ಲದೆ ಯೋಚಿಸಬೇಕು.

ಇನ್ನು ಆಯ್ಕೆಯ ಶಾಲೆಗಳ ಫಲಿತಾಂಶದ ಪಟ್ಟಿಯ ವಿಷಯ. ‘ಈ ವರ್ಷ ನಮ್ಮ ಶಾಲೆಯಿಂದ ಎಂಐಟಿಗೆ ಇಷ್ಟು, ಪ್ರಿನ್ಸ್‌ಟನ್‌ಗೆ ಇಷ್ಟು’ ಎಂಬ ಪಟ್ಟಿಯನ್ನು ನೋಡಿದ ಕೂಡಲೇ, ಶಾಲೆಯೇ ಆ ಮಕ್ಕಳನ್ನು ಅಲ್ಲಿಗೆ ಕಳುಹಿಸಿತು ಎಂಬ ಭಾವನೆ ಬರುವುದು ಸಹಜ. ಆದರೆ ಆ ಮಕ್ಕಳು ಎಂಟನೆಯ ತರಗತಿಯಲ್ಲೇ ಆರಿಸಿ ಬಂದವರು. ಅವರಲ್ಲಿ ಎಷ್ಟು ಮಂದಿ ತಮ್ಮ ಬಡಾವಣೆಯ ಶಾಲೆಯಿಂದಲೂ ಅದೇ ಕಾಲೇಜಿಗೆ ಹೋಗುತ್ತಿದ್ದರು ಎಂಬ ಪ್ರಶ್ನೆಗೆ ಪಟ್ಟಿ ಉತ್ತರ ಕೊಡುವುದಿಲ್ಲ. ಅದರಲ್ಲಿರುವ ಕೆಲವರು ಆ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಮಕ್ಕಳಾಗಿರಬಹುದು, ಕೆಲವರು ಕ್ರೀಡೆಯ ಆಧಾರದಲ್ಲಿ ಆಯ್ಕೆಯಾಗಿರಬಹುದು. ಖಾಸಗಿ ಶಾಲೆಗಳ ಪಟ್ಟಿಗಳನ್ನು ಓದುವಾಗ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಅದೃಷ್ಟವಶಾತ್ ಈ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರು ಅಚ್ಚುಕಟ್ಟಾದ ಉಪಾಯವೊಂದರಿಂದ ಪರೀಕ್ಷಿಸಿದ್ದಾರೆ. ಪ್ರವೇಶ ಪರೀಕ್ಷೆಯ ಕಟ್ ಆಫ್ ಗೆರೆಯನ್ನು ಕೂದಲೆಳೆಯಷ್ಟು ಅಂತರದಲ್ಲಿ ದಾಟಿದ ಮಕ್ಕಳಿಗೂ ಅಷ್ಟೇ ಅಂತರದಲ್ಲಿ ತಪ್ಪಿಸಿಕೊಂಡ ಮಕ್ಕಳಿಗೂ ಸಾಮರ್ಥ್ಯದಲ್ಲಿ ವ್ಯತ್ಯಾಸವಿರುವುದಿಲ್ಲ. ಒಂದು ಗುಂಪಿಗೆ ಶಾಲೆ ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ, ಅಷ್ಟೆ. ಆತಿಲಾ ಅಬ್ದುಲ್ಕಾದಿರೋಗ್ಲು, ಜೋಶುವಾ ಆಂಗ್ರಿಸ್ಟ್ ಮತ್ತು ಪರಾಗ್ ಪಾಠಕ್ ಅವರು ಬಾಸ್ಟನ್ ಹಾಗೂ ನ್ಯೂಯಾರ್ಕ್ ನಗರಗಳಲ್ಲಿ ಪ್ರವೇಶ ಪರೀಕ್ಷೆಯಿಂದ ಮಕ್ಕಳನ್ನು ಆರಿಸುವ ಶಾಲೆಗಳ ಬಗ್ಗೆ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಎರಡು ಗುಂಪುಗಳನ್ನು ಹೋಲಿಸಿ ನೋಡಿದಾಗ, ಪರೀಕ್ಷೆಗಳ ಅಂಕಗಳಲ್ಲಾಗಲಿ ಕಾಲೇಜಿನ ಮಟ್ಟದಲ್ಲಾಗಲಿ ಗಮನಾರ್ಹ ಲಾಭ ಕಾಣಲಿಲ್ಲ. ಅದೇ ವರ್ಷ ನ್ಯೂಯಾರ್ಕಿನ ಶಾಲೆಗಳ ಬಗ್ಗೆ ವಿಲ್ ಡಾಬಿ ಮತ್ತು ರೋಲೆಂಡ್ ಫ್ರೈಯರ್ ಪ್ರಕಟಿಸಿದ ಅಧ್ಯಯನದ ತೀರ್ಮಾನವೂ ಹತ್ತಿರದ್ದೇ: ಮಕ್ಕಳು ಹೆಚ್ಚು ಕಠಿಣ ಪಾಠಗಳನ್ನು ಓದಿದರು, ಆದರೆ ಕಾಲೇಜಿನ ಫಲಿತಾಂಶ ಅದರಿಂದ ಬದಲಾಗಲಿಲ್ಲ. ಶಿಕಾಗೋದ ಆಯ್ಕೆಯ ಹೈಸ್ಕೂಲುಗಳ ಮೇಲೆ ನಡೆದ ಮತ್ತೊಂದು ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಗೆರೆಯ ಬಳಿಯಲ್ಲಿ ಒಳಗೆ ಬಂದ, ಬಡ ಬಡಾವಣೆಗಳ ಮಕ್ಕಳ ಜಿಪಿಎ ಇಳಿಯಿತು, ಆಯ್ಕೆಯ ಕಾಲೇಜುಗಳಿಗೆ ಹೋಗುವ ಸಂಭವವೂ ಕಡಿಮೆಯಾಯಿತು.

ಈ ಅಧ್ಯಯನಗಳನ್ನು ಅತಿಯಾಗಿ ಎಳೆಯಬಾರದು. ಅವು ಹೇಳುವುದು ಗೆರೆಯ ಹತ್ತಿರವಿದ್ದ ಮಕ್ಕಳ ಬಗ್ಗೆ. ತರಗತಿಯ ಎತ್ತರದ ತುದಿಯಲ್ಲಿರುವ, ಬಡಾವಣೆಯ ಶಾಲೆಯ ಗಣಿತವನ್ನು ಹತ್ತನೆಯ ತರಗತಿಗೇ ಮುಗಿಸಿ ಖಾಲಿ ಕೂರುವ ಮಗುವಿನ ಬಗ್ಗೆ ಅಲ್ಲ. ಟಿಜೆಯಲ್ಲಂತೂ ಈಗ ಅಂಥ ಗೆರೆಯೇ ಇಲ್ಲ. 1985ರಲ್ಲಿ ಆರಂಭವಾದ ಈ ಶಾಲೆಯಲ್ಲಿ 2020ರ ಕೊನೆಯಲ್ಲಿ ಪ್ರವೇಶ ಪರೀಕ್ಷೆಯನ್ನು ಕೈಬಿಟ್ಟರು. ತರಗತಿಯನ್ನು ಸುಮಾರು 550 ಮಕ್ಕಳಿಗೆ ಹಿಗ್ಗಿಸಿ, ಪ್ರತಿ ಸರ್ಕಾರಿ ಮಿಡಲ್ ಸ್ಕೂಲಿನ ಎಂಟನೆಯ ತರಗತಿಯ ಶೇಕಡಾ 1.5ರಷ್ಟು ಮಕ್ಕಳಿಗೆ ಸೀಟು ಮೀಸಲಿಟ್ಟು, ಜಿಪಿಎ ಮತ್ತು ಬರವಣಿಗೆಯ ಆಧಾರದ ಮೇಲೆ ಆರಿಸುತ್ತಿದ್ದಾರೆ. ಇದನ್ನು ಪ್ರಶ್ನಿಸಿದ ಮೊಕದ್ದಮೆಯನ್ನು ವಿಚಾರಣೆಗೆ ತೆಗೆದುಕೊಳ್ಳಲು 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನಿರಾಕರಿಸಿತು. ನ್ಯೂಯಾರ್ಕಿನಲ್ಲಿ 1971ರ ರಾಜ್ಯ ಕಾನೂನಿನ ಬಲದಿಂದ ಸ್ಟೈವಸೆಂಟ್, ಬ್ರಾಂಕ್ಸ್ ಸೈನ್ಸ್, ಬ್ರೂಕ್ಲಿನ್ ಟೆಕ್ ಶಾಲೆಗಳು ಇಂದಿಗೂ ಒಂದೇ ಪರೀಕ್ಷೆಯ ಅಂಕದ ಮೇಲೆ ಮಕ್ಕಳನ್ನು ತೆಗೆದುಕೊಳ್ಳುತ್ತವೆ. ಹೀಗೆ ‘ಆಯ್ಕೆಯ ಶಾಲೆ’ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಬಗೆಯ ತರಗತಿಗಳಿವೆ. ನಿಮ್ಮ ಮಗಳು ತನ್ನ ಮಿಡಲ್ ಸ್ಕೂಲಿನ ಪಾಲಿನ ಸೀಟಿನಲ್ಲಿ ಬಂದಳೋ ಉಳಿದ ಸೀಟಿನಲ್ಲಿ ಬಂದಳೋ ಎಂಬುದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಒಂಬತ್ತನೆಯ ತರಗತಿಗೆ ಕಾಲಿಡುವಾಗ ಅವಳ ಗಣಿತ ಯಾವ ಮಟ್ಟದಲ್ಲಿದೆ, ಅಲ್ಲಿನ ಹೆಚ್ಚಿನ ಮಕ್ಕಳು ಯಾವ ಮಟ್ಟದಿಂದ ಆರಂಭಿಸುತ್ತಾರೆ ಎಂಬುದನ್ನು ಮಾತ್ರ ಶಾಲೆಯಲ್ಲಿ ಕೇಳಿ ತಿಳಿದುಕೊಳ್ಳಿ. ಮೊದಲ ವರ್ಷದಲ್ಲಿ ಎದುರಾಗುವ ಕಷ್ಟದ ದೊಡ್ಡ ಪಾಲು ಬುದ್ಧಿಗಿಂತ ಹೆಚ್ಚಾಗಿ ಈ ಆರಂಭದ ಅಂತರದಿಂದಲೇ ಬರುತ್ತದೆ.

ಮನಸ್ಸಿನ ಕಡೆಯಿಂದಲೂ ಇದನ್ನು ನೋಡಬೇಕು. ಮನಶ್ಶಾಸ್ತ್ರಜ್ಞ ಹರ್ಬರ್ಟ್ ಮಾರ್ಷ್ 1980ರ ದಶಕದಿಂದ ಹಲವು ದೇಶಗಳಲ್ಲಿ ನಡೆಸಿದ ಸಂಶೋಧನೆಗಳ ತಿರುಳು ಇಷ್ಟು: ಸಮಾನ ಸಾಮರ್ಥ್ಯದ ಇಬ್ಬರು ಮಕ್ಕಳಲ್ಲಿ, ಪ್ರತಿಭಾವಂತರೇ ತುಂಬಿದ ಶಾಲೆಗೆ ಹೋದ ಮಗು ತನ್ನ ಬಗ್ಗೆ ಕಡಿಮೆ ಅಂದಾಜು ಇಟ್ಟುಕೊಳ್ಳುತ್ತದೆ, ಏಕೆಂದರೆ ಮಕ್ಕಳು ತಮ್ಮನ್ನು ಅಳೆದುಕೊಳ್ಳುವುದು ಪಕ್ಕದ ಬೆಂಚಿನವರೊಂದಿಗೆ. ಇದು ಎಲ್ಲ ಮಕ್ಕಳನ್ನೂ ಒಂದೇ ತೆರನಾಗಿ ಕುಗ್ಗಿಸುವುದಿಲ್ಲ. ತನಗಿಂತ ಚುರುಕಾದವರನ್ನು ಕಂಡರೆ ಕಣ್ಣರಳಿಸಿ ಅವರ ಬಳಿ ಕುಳಿತು ಕಲಿಯುವ ಮಕ್ಕಳಿದ್ದಾರೆ. ಅವರಿಗೆ ಇಂಥ ಶಾಲೆ ನಾಲ್ಕು ವರ್ಷದ ಹಬ್ಬ. ಇದುವರೆಗೆ ಎಲ್ಲದರಲ್ಲೂ ಮೊದಲಿಗರಾಗಿದ್ದು, ಆ ಮೊದಲ ಸ್ಥಾನದಿಂದಲೇ ಓದುವ ಹುಮ್ಮಸ್ಸು ಪಡೆಯುವ ಮಕ್ಕಳೂ ಇದ್ದಾರೆ. ಮೊದಲ ಪರೀಕ್ಷೆಯಲ್ಲಿ ಸಿ ಅಂಕ ಬಂದ ದಿನ ಅವರು ಗಣಿತ ತಮ್ಮದಲ್ಲ ಎಂಬ ತೀರ್ಮಾನಕ್ಕೆ ಬಂದುಬಿಡುವ ಅಪಾಯವಿದೆ. ನಿಮ್ಮ ಮಗಳು ಇವರಲ್ಲಿ ಯಾರು ಎಂಬುದನ್ನು ಯಾವ ತಜ್ಞರಿಗಿಂತಲೂ ನೀವೇ ಚೆನ್ನಾಗಿ ಬಲ್ಲಿರಿ. ಗಣಿತ ಸ್ಪರ್ಧೆಯಲ್ಲಿ ಸೋತು ಬಂದ ದಿನ ಅವಳು ಏನು ಮಾತಾಡಿದಳು ಎಂಬುದನ್ನು ನೆನಪಿಸಿಕೊಳ್ಳಿ. ಬಿಡಿಸಲಾಗದ ಲೆಕ್ಕದ ಬಗ್ಗೆ ಮಾತಾಡಿದಳೋ, ಬಂದ ಸ್ಥಾನದ ಬಗ್ಗೆ ಮಾತಾಡಿದಳೋ? ಹದಿಮೂರು ವರ್ಷದ ಮಗು ಬದಲಾಗುತ್ತದೆ, ನಿಜ. ಆದರೂ ಜಿಪಿಎಗಿಂತ ಇದು ಹೆಚ್ಚಿನದನ್ನು ಹೇಳುತ್ತದೆ.

ರಾಜ್ಯದ ವಿಶ್ವವಿದ್ಯಾಲಯಗಳ ನಿಯಮಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು, ಏಕೆಂದರೆ ಕೆಲವು ರಾಜ್ಯಗಳಲ್ಲಿ ಅವೇ ಇಡೀ ಲೆಕ್ಕಾಚಾರವನ್ನು ತಿರುಗಿಸಿಬಿಡುತ್ತವೆ. ಟೆಕ್ಸಸ್‌ನಲ್ಲಿ 1997ರ ಕಾನೂನಿನಂತೆ ಪ್ರತಿ ಹೈಸ್ಕೂಲಿನ ಮೇಲಿನ ಶೇಕಡಾ 10ರಷ್ಟು ಮಕ್ಕಳಿಗೆ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶವಿದೆ; ಬೇಡಿಕೆ ಹೆಚ್ಚಿರುವ ಆಸ್ಟಿನ್ ಕ್ಯಾಂಪಸ್ ಮಾತ್ರ ಆ ಮಿತಿಯನ್ನು ಬಿಗಿಗೊಳಿಸುತ್ತ ಬಂದು, 2026ರ ಪ್ರವೇಶದಿಂದ ಶೇಕಡಾ 5ಕ್ಕೆ ಇಳಿಸಿದೆ. ಅಂಥ ರಾಜ್ಯದಲ್ಲಿ ಆಯ್ಕೆಯ ಶಾಲೆಯಲ್ಲಿ ಮೇಲಿನಿಂದ ಹನ್ನೆರಡನೇ ಶೇಕಡಾದಲ್ಲಿ ನಿಂತ ಮಗುವಿಗೆ, ಸಾಮಾನ್ಯ ಶಾಲೆಯಲ್ಲಿ ಮೂರನೇ ಶೇಕಡಾದಲ್ಲಿ ನಿಂತಿದ್ದರೆ ತಾನಾಗಿಯೇ ಸಿಗುತ್ತಿದ್ದ ಸೀಟಿಗಾಗಿ ಸ್ಪರ್ಧಿಸಬೇಕಾಗುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ವ್ಯವಸ್ಥೆಯೂ ಪ್ರತಿ ಶಾಲೆಯ ಮೇಲಿನ ಶೇಕಡಾ 9ರಷ್ಟು ಮಕ್ಕಳನ್ನು ಗುರುತಿಸುತ್ತದೆ. ಆದರೆ ಅದು ಕೊಡುವ ಭರವಸೆ ಸ್ಥಳವಿರುವ ಯಾವುದಾದರೊಂದು ಕ್ಯಾಂಪಸ್ಸಿನದು, ಬರ್ಕ್ಲಿಯದಾಗಲಿ ಲಾಸ್ ಏಂಜಲೀಸ್‌ನದಾಗಲಿ ಅಲ್ಲ. ಆ ವ್ಯವಸ್ಥೆ ಎಸ್‌ಎಟಿ ಎಂಬ ರಾಷ್ಟ್ರಮಟ್ಟದ ಪ್ರಮಾಣಿತ ಪರೀಕ್ಷೆಯ ಅಂಕಗಳನ್ನು ಪ್ರವೇಶಕ್ಕೆ ನೋಡುವುದನ್ನೇ ಬಿಟ್ಟಿರುವುದರಿಂದ, ಶಾಲೆಯ ಅಂಕಗಳ ತೂಕ ಅಲ್ಲಿ ಇನ್ನೂ ಹೆಚ್ಚು. ಸ್ಯಾನ್ ಫ್ರಾನ್ಸಿಸ್ಕೋದ ಲೋವೆಲ್ ಹೈಸ್ಕೂಲಿನಂಥ ಆಯ್ಕೆಯ ಶಾಲೆಯನ್ನು ಯೋಚಿಸುವವರು ಇದನ್ನು ಮರೆಯಬಾರದು.

ವರ್ಜೀನಿಯಾದಲ್ಲಿ ಆ ತೆರನಾದ ಶೇಕಡಾವಾರು ಕಾನೂನು ಇಲ್ಲ. ವರ್ಜೀನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿ ರಾಜ್ಯದವರೇ, ಮತ್ತು ಟಿಜೆಯಿಂದ ಪ್ರತಿವರ್ಷ ದೊಡ್ಡ ಗುಂಪೇ ಅಲ್ಲಿಗೆ ಹೋಗುತ್ತದೆ. ಆದ್ದರಿಂದ ನಿಮ್ಮ ಮನಸ್ಸಿನಲ್ಲಿರುವ ‘ಒಳ್ಳೆಯ ಕಾಲೇಜು’ ವರ್ಜೀನಿಯಾ ವಿಶ್ವವಿದ್ಯಾಲಯ ಅಥವಾ ವರ್ಜೀನಿಯಾ ಟೆಕ್ ಆಗಿದ್ದರೆ, ಟಿಜೆಯ ನಡುಮಧ್ಯದಲ್ಲಿದ್ದರೂ ಆ ದಾರಿ ಮುಚ್ಚಿಹೋಗುತ್ತದೆ ಎಂಬ ಭಯ ಬೇಡ. ‘ಒಳ್ಳೆಯ ಕಾಲೇಜು’ ಎಂದರೆ ದೇಶದ ಹತ್ತು ಹೆಸರುಗಳು ಮಾತ್ರ ಎಂಬ ಯೋಚನೆಯಿದ್ದರೆ, ಯಾವ ಹೈಸ್ಕೂಲೂ ಅದಕ್ಕೆ ಖಾತರಿ ಕೊಡಲಾರದು. ಹದಿಮೂರರ ಮಗುವಿನ ನಾಲ್ಕು ವರ್ಷಗಳನ್ನು ಅಂಥ ಸಣ್ಣ ಸಂಭವಕ್ಕೆ ಒತ್ತೆಯಿಡುವುದು ನನಗೆ ಸರಿ ಕಾಣುವುದಿಲ್ಲ.

ಬಡಾವಣೆಯ ಶಾಲೆಯಲ್ಲಿ ಉಳಿದರೆ ಮಗಳು ಕಾಲೇಜುಗಳ ಕಣ್ಣಿಗೇ ಬೀಳುವುದಿಲ್ಲ ಎಂಬ ಆತಂಕವನ್ನೂ ಹಲವರು ಹೇಳಿಕೊಳ್ಳುತ್ತಾರೆ. ಶಾಲೆಯ ಹೊರಗಿನ ಅಳತೆಗೋಲುಗಳು ಇರುವುದೇ ಇದಕ್ಕಾಗಿ. ಎಂಐಟಿ 2022ರಲ್ಲಿ, ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ 2024ರಲ್ಲಿ ಪ್ರಮಾಣಿತ ಪರೀಕ್ಷೆಯ ಅಂಕಗಳನ್ನು ಮತ್ತೆ ಕಡ್ಡಾಯ ಮಾಡಲು ತೀರ್ಮಾನಿಸಿದವು. ಹೆಚ್ಚು ಹೆಸರಿಲ್ಲದ ಶಾಲೆಗಳ ಸಮರ್ಥ ಮಕ್ಕಳನ್ನು ಗುರುತಿಸಲು ಈ ಅಂಕಗಳು ನೆರವಾಗುತ್ತವೆ ಎಂಬುದು ಆ ಕಾಲೇಜುಗಳು ಕೊಟ್ಟ ಕಾರಣಗಳಲ್ಲಿ ಒಂದು. ಎಪಿ ಪರೀಕ್ಷೆಯ ಗರಿಷ್ಠವಾದ 5 ಅಂಕ ಯಾವ ಶಾಲೆಯಲ್ಲಿ ಓದಿದರೂ 5 ಅಂಕವೇ. ಗಣಿತದಲ್ಲಿ ಎಎಂಸಿ ಎಂಬ ಸ್ಪರ್ಧಾ ಪರೀಕ್ಷೆಗಳು ರಾಷ್ಟ್ರಮಟ್ಟದ ಸ್ಥಾನವನ್ನು ತೋರಿಸುತ್ತವೆ, ಸ್ಥಳೀಯ ಎರಡು ವರ್ಷದ ಕಮ್ಯುನಿಟಿ ಕಾಲೇಜಿನಲ್ಲಿ ಮುಂದಿನ ಹಂತದ ಗಣಿತವನ್ನು ಓದಲು ಅವಕಾಶವಿರುತ್ತದೆ. ಲೌಡನ್ ಕೌಂಟಿಯಲ್ಲೇ, ಮಕ್ಕಳು ತಮ್ಮ ಬಡಾವಣೆಯ ಹೈಸ್ಕೂಲಿನ ನಂಟನ್ನು ಬಿಡದೆ ವಿಜ್ಞಾನ ಮತ್ತು ಸಂಶೋಧನೆಯನ್ನು ಕಲಿಯಬಹುದಾದ ಅಕಾಡೆಮೀಸ್ ಆಫ್ ಲೌಡನ್ ಕೂಡ ಇದೆ. ಅದಕ್ಕೂ ಅರ್ಜಿ ಹಾಕಿದ್ದರೆ ಆ ಮೂರನೆಯ ದಾರಿಯನ್ನು ಗಂಭೀರವಾಗಿ ಯೋಚಿಸಿ.

ಹಾಗಿದ್ದರೂ ಟಿಜೆಯಂಥ ಶಾಲೆ ಕೊಡುವ ಕೆಲವು ಸಂಗತಿಗಳನ್ನು ಹೊರಗಿನಿಂದ ಜೋಡಿಸಿಕೊಳ್ಳುವುದು ಕಷ್ಟ, ಅವುಗಳ ಬಗ್ಗೆ ನನಗೆ ನಿಜವಾದ ಗೌರವವಿದೆ. ಒಂಬತ್ತನೆಯ ತರಗತಿಯಲ್ಲಿ ಜೀವಶಾಸ್ತ್ರ, ಇಂಗ್ಲಿಷ್ ಮತ್ತು ತಂತ್ರಜ್ಞಾನವನ್ನು ಒಟ್ಟುಗೂಡಿಸಿ ಕಲಿಸುತ್ತಾರೆ. ಕೊನೆಯ ವರ್ಷದಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದು ಸಂಶೋಧನಾ ಕೆಲಸವನ್ನು ಕೈಗೆತ್ತಿಕೊಂಡು ಪ್ರಯೋಗಾಲಯದಲ್ಲಿ ನಡೆಸಬೇಕು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಸಂಖ್ಯಾಶಾಸ್ತ್ರದ ಒಂದು ಸಮಸ್ಯೆಯ ಬಗ್ಗೆ ವಾದ ಮಾಡಲು ಜೊತೆಗಾರರು ಸಿಗುವುದು, ಗಣಿತ ಇಷ್ಟಪಡುವ ಹುಡುಗಿಗೆ ತಾನೊಬ್ಬಳೇ ಎಂಬ ಭಾವನೆ ಇಲ್ಲದಿರುವುದು ಯಾವ ಪಟ್ಟಿಯಲ್ಲೂ ಕಾಣದ ಲಾಭ. ಕಾಲೇಜಿಗೆ ಕಾಲಿಟ್ಟ ಮೇಲೆ ಇಂಥ ಶಾಲೆಯಿಂದ ಬಂದವರಿಗೆ ಮೊದಲ ವರ್ಷದ ಪಾಠಗಳು ಹಗುರವೆನಿಸುವುದೂ ಉಂಟು. ಇವೆಲ್ಲ ಆ ನಾಲ್ಕು ವರ್ಷಗಳಿಗೇ ಸೇರಿದ ಲಾಭಗಳು. ಅವುಗಳಿಗಾಗಿ ಸೇರಿದ ಮಗು ಕೊನೆಯ ವರ್ಷದಲ್ಲಿ ಬಯಸಿದ ಕಾಲೇಜು ಸಿಗದಿದ್ದರೂ ತನಗೆ ಮೋಸವಾಯಿತು ಎಂದುಕೊಳ್ಳುವುದಿಲ್ಲ.

ಕಾಲೇಜು ಪ್ರಬಂಧಗಳನ್ನೂ ಶಿಫಾರಸು ಪತ್ರಗಳನ್ನೂ ನೋಡುವ ನನ್ನ ಕೆಲಸದಲ್ಲಿ ಒಂದನ್ನು ಖಚಿತವಾಗಿ ಕಂಡಿದ್ದೇನೆ: ಶಿಕ್ಷಕರು ಮನಸಾರೆ ಬರೆಯುವುದು ತರಗತಿಯಲ್ಲಿ ಜೀವಂತವಾಗಿದ್ದ ಮಗುವಿನ ಬಗ್ಗೆ. ಹನ್ನೊಂದನೆಯ ತರಗತಿಯ ಇಬ್ಬರು ಶಿಕ್ಷಕರಿಗೆ ಅವಳು ಚೆನ್ನಾಗಿ ಪರಿಚಯವಿರಬೇಕು. ಕೌನ್ಸಿಲರಿಗೆ ಅವಳ ಹೆಸರಾದರೂ ಮುಖ ನೋಡಿದ ಕೂಡಲೇ ಹೊಳೆಯಬೇಕು. ಅಮೆರಿಕದ ಶಾಲಾ ಕೌನ್ಸಿಲರುಗಳ ಸಂಘ ಒಬ್ಬ ಕೌನ್ಸಿಲರಿಗೆ 250 ಮಕ್ಕಳು ಎಂಬ ಪ್ರಮಾಣವನ್ನು ಶಿಫಾರಸು ಮಾಡುತ್ತದೆ, ಹಲವು ದೊಡ್ಡ ಶಾಲೆಗಳಲ್ಲಿ ಈ ಸಂಖ್ಯೆ ಅದಕ್ಕಿಂತ ಹೆಚ್ಚಿರುತ್ತದೆ. ಆದ್ದರಿಂದ ಎರಡೂ ಶಾಲೆಗಳಲ್ಲಿ ಒಬ್ಬ ಕೌನ್ಸಿಲರ್ ಎಷ್ಟು ಮಕ್ಕಳನ್ನು ನೋಡಿಕೊಳ್ಳುತ್ತಾರೆ ಎಂದು ಕೇಳಿ. ಜೊತೆಗೆ ಎರಡೂ ಶಾಲೆಗಳ ಸ್ಕೂಲ್ ಪ್ರೊಫೈಲನ್ನು ತರಿಸಿಕೊಂಡು ಅಕ್ಕಪಕ್ಕ ಇಟ್ಟು ಓದಿ; ಬಹಳಷ್ಟು ಶಾಲೆಗಳ ಜಾಲತಾಣದಲ್ಲೇ ಅದು ಸಿಗುತ್ತದೆ. ಪಟ್ಟಿಯ ಮೇಲ್ತುದಿಯ ಹತ್ತು ಮಕ್ಕಳು ಎಲ್ಲಿಗೆ ಹೋದರು ಎಂಬುದರ ಬದಲು, ನಡುವಿನ ಮಕ್ಕಳು ಎಲ್ಲಿಗೆ ಹೋದರು ಎಂದು ವಿಚಾರಿಸಿ. ನಿಮ್ಮ ಮಗಳು ಅತ್ಯುತ್ತಮಳೇ ಇರಬಹುದು, ಆದರೆ ಆಯ್ಕೆಯ ಶಾಲೆಯನ್ನು ಅಳೆಯಬೇಕಾದದ್ದು ಅದರ ನಡುವಿನ ಮಗುವಿನಿಂದ. ಲೆಕ್ಕದ ಪ್ರಕಾರ ಅರ್ಧದಷ್ಟು ಮಕ್ಕಳು ಅಲ್ಲಿಯೂ ತರಗತಿಯ ಕೆಳಗಿನ ಅರ್ಧದಲ್ಲೇ ಇರುತ್ತಾರೆ, ಎಂಟನೆಯ ತರಗತಿಯವರೆಗೆ ಅವರಲ್ಲಿ ಹೆಚ್ಚಿನವರು ತಮ್ಮ ಶಾಲೆಯ ಮೊದಲಿಗರೇ ಆಗಿದ್ದರು.

ನೀವು ಪ್ರಶ್ನೆಯ ಕೊನೆಗೆ ಇಟ್ಟಿರುವ ಬಸ್ ಪ್ರಯಾಣವನ್ನು ನಾನು ಮೊದಲ ಸಾಲಿಗೆ ತರುತ್ತೇನೆ. ಹದಿಮೂರರಿಂದ ಹದಿನೆಂಟರ ಮಕ್ಕಳಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ರೆ ಬೇಕು ಎಂದು ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ ಹೇಳುತ್ತದೆ. ಪ್ರಯಾಣಕ್ಕೆ ಎರಡು ಗಂಟೆ, ಮನೆಗೆಲಸದ ಪಾಠಕ್ಕೆ ಮೂರು ಗಂಟೆ, ಶಾಲೆಯ ಏಳು ಗಂಟೆ ಕಳೆದರೆ ನಿದ್ರೆ, ಊಟ, ಪಿಟೀಲಿಗೆ ಹನ್ನೆರಡು ಗಂಟೆ ಉಳಿಯುತ್ತದೆ. ಕಾಗದದ ಮೇಲೆ ಇದು ಸಾಕು ಎನ್ನಿಸಿದರೂ ಪರೀಕ್ಷೆಯ ವಾರಗಳಲ್ಲಿ ಮೊದಲು ಕತ್ತರಿ ಬೀಳುವುದು ನಿದ್ರೆಗೆ, ಆಮೇಲೆ ಪಿಟೀಲಿಗೆ. ಶಾಲೆ ಮುಗಿದ ಮೇಲಿನ ಕ್ಲಬ್ಬುಗಳೇ ಇಂಥ ಶಾಲೆಯ ಜೀವಾಳವಾಗಿರುವಾಗ, ತಡವಾದ ಬಸ್ಸು ನಿಮ್ಮ ಊರಿನವರೆಗೆ ಬರುತ್ತದೆಯೇ, ಬರದಿದ್ದರೆ ಕರೆತರಲು ನಿಮ್ಮಲ್ಲಿ ಯಾರಿಗಾದರೂ ಸಾಧ್ಯವೇ ಎಂಬುದನ್ನು ಈಗಲೇ ನಿರ್ಧರಿಸಿ. ವಸಂತದ ಒಂದು ಮಂಗಳವಾರ ಬೆಳಿಗ್ಗೆ ಬಸ್ಸಿನ ಹೊತ್ತಿಗೇ ಮಗಳೊಂದಿಗೆ ಆ ದಾರಿಯಲ್ಲಿ ಹೋಗಿ, ಸಂಜೆಯ ವಾಹನ ದಟ್ಟಣೆಯಲ್ಲಿ ಹಿಂದಿರುಗಿ ನೋಡಿ. ಪಿಟೀಲನ್ನು ಅವಳು ಬಿಡಲು ಸಿದ್ಧಳಿಲ್ಲದಿದ್ದರೆ, ಎರಡೂ ಶಾಲೆಗಳ ವಾದ್ಯವೃಂದದ ಗುರುಗಳನ್ನು ಭೇಟಿಯಾಗಿ. ಕಾಲೇಜಿನ ಅರ್ಜಿಯಲ್ಲಿ ನಾಲ್ಕು ವರ್ಷ ಪ್ರೀತಿಯಿಂದ ಉಳಿಸಿಕೊಂಡ ಒಂದು ಕಲೆಗೆ ಅರ್ಧಕ್ಕೆ ಬಿಟ್ಟ ನಾಲ್ಕು ಚಟುವಟಿಕೆಗಳಿಗಿಂತ ಹೆಚ್ಚು ಅರ್ಥವಿದೆ, ಅವಳ ಬದುಕಿನಲ್ಲಂತೂ ಇನ್ನೂ ಹೆಚ್ಚು.

ನಿರ್ಧಾರವನ್ನು ಮಗಳ ಮುಂದೆ ಇಡುವಾಗ ಕಾಲೇಜಿನ ಹೆಸರುಗಳನ್ನು ತರಬೇಡಿ ಎಂದು ಕೇಳಿಕೊಳ್ಳುತ್ತೇನೆ. ಎರಡೂ ಶಾಲೆಗಳಲ್ಲಿ ಒಂದೊಂದು ದಿನ ಕಳೆಯಲು ಅವಕಾಶವಿದ್ದರೆ ಕಳೆಯಲಿ. ಟಿಜೆಯಲ್ಲಿ ಈಗ ಹತ್ತನೆಯ ತರಗತಿಯಲ್ಲಿರುವ ಒಬ್ಬಿಬ್ಬರೊಂದಿಗೆ ನೀವಿಲ್ಲದಾಗ ಮಾತಾಡಲಿ. ಮೊದಲ ವರ್ಷದ ಕಷ್ಟ ಅವರಿಗೆ ಇನ್ನೂ ಹಸಿಯಾಗಿ ನೆನಪಿರುತ್ತದೆ, ಹಿರಿಯರ ಮುಂದೆ ಹೇಳದ್ದನ್ನು ಅವಳ ಮುಂದೆ ಹೇಳುತ್ತಾರೆ. ಆಮೇಲೆ ಅವಳು ಏನು ಹೇಳುತ್ತಾಳೆ ಎಂಬುದಕ್ಕೆ ನಿಮ್ಮ ಲೆಕ್ಕಾಚಾರಕ್ಕಿಂತ ಹೆಚ್ಚಿನ ತೂಕ ಕೊಡಿ, ಏಕೆಂದರೆ ರಾತ್ರಿ ಹನ್ನೊಂದಕ್ಕೆ ಪ್ರಯೋಗದ ವರದಿ ಬರೆಯುತ್ತ ಕೂರಬೇಕಾದವಳು ಅವಳೇ.

ಹೋದ ಮೇಲೆ ಹೊಂದದಿದ್ದರೆ ಏನು ಎಂಬುದನ್ನೂ ಈಗಲೇ ಅವಳೊಂದಿಗೆ ಮಾತಾಡಿಕೊಳ್ಳಿ. ಬಡಾವಣೆಯ ಶಾಲೆಗೆ ಹಿಂದಿರುಗುವ ದಾರಿ ತೆರೆದೇ ಇರುತ್ತದೆ, ಹಾಗೆ ಹಿಂದಿರುಗುವ ಮಕ್ಕಳು ಪ್ರತಿವರ್ಷ ಇರುತ್ತಾರೆ. ಹಿಂದಿರುಗುವುದಾದರೆ ಒಂಬತ್ತನೆಯ ತರಗತಿಯ ಕೊನೆಯೇ ಸೂಕ್ತ ಹೊತ್ತು. ಹತ್ತನೆಯ ತರಗತಿಯಿಂದ ಹೊಸ ಶಾಲೆಯಲ್ಲಿ ಶಿಕ್ಷಕರ ಪರಿಚಯ ಮಾಡಿಕೊಳ್ಳಲು ಎರಡು ಪೂರ್ಣ ವರ್ಷ ಸಿಗುತ್ತದೆ, ಅರ್ಜಿಯಲ್ಲಿ ಕೌನ್ಸಿಲರ್ ಒಂದು ವಾಕ್ಯದಲ್ಲಿ ಕಾರಣ ವಿವರಿಸಿದರೆ ಯಾವ ಕಾಲೇಜೂ ಅದನ್ನು ಕಳಂಕವೆಂದು ನೋಡುವುದಿಲ್ಲ. ಹನ್ನೊಂದನೆಯ ತರಗತಿಯ ನಡುವೆ ಬದಲಿಸುವುದು ಕಷ್ಟದ ಕೆಲಸ, ಏಕೆಂದರೆ ಅದೇ ವರ್ಷದ ಅಂಕಗಳನ್ನು ಕಾಲೇಜುಗಳು ಎಲ್ಲಕ್ಕಿಂತ ಗಮನವಿಟ್ಟು ಓದುತ್ತವೆ. ಆದ್ದರಿಂದ ಟಿಜೆಯನ್ನು ಆರಿಸಿದರೆ, ಮೊದಲ ವರ್ಷದ ಏಪ್ರಿಲ್ ತಿಂಗಳಿನಲ್ಲಿ ಮೂವರೂ ಕುಳಿತು ನಿದ್ರೆ, ಗೆಳೆತನ, ಗಣಿತದ ಮೇಲಿನ ಪ್ರೀತಿ ಹೇಗಿವೆ ಎಂದು ನೋಡೋಣ ಎಂಬ ಮಾತನ್ನು ಸೀಟು ಒಪ್ಪಿಕೊಳ್ಳುವ ದಿನವೇ ಅವಳಿಗೆ ಕೊಡಿ, ಮತ್ತು ಆ ದಿನ ಅವಳು ಹಿಂದಿರುಗುತ್ತೇನೆ ಎಂದರೆ ಅದನ್ನು ಸೋಲೆಂದು ಕರೆಯುವುದಿಲ್ಲ ಎಂದೂ ಹೇಳಿ.